ಖಾಲಿ ಮನೆಯ ಸಿಗರೇಟು ವಾಸನೆಗೆ ಓಝೋನ್: ಬಳಸುವ ಕ್ರಮ, ಬಳಸಬಾರದ ಸಂದರ್ಭ

ವರ್ಷಗಟ್ಟಲೆ ಸಿಗರೇಟು ಸೇದುತ್ತಿದ್ದವರು ಬಿಟ್ಟುಹೋದ ಬಾಡಿಗೆ ಮನೆಯಲ್ಲಿ ಎರಡು ದಿನ ಕಿಟಕಿ ತೆರೆದಿಟ್ಟರೆ ಘಾಟು ಹೋದಂತೆ ಅನ್ನಿಸುತ್ತದೆ. ಬಾಗಿಲು ಮುಚ್ಚಿ ಒಂದು ರಾತ್ರಿ ಕಳೆದರೆ ಅದು ಹಾಗೆಯೇ ಮರಳಿರುತ್ತದೆ. ಹೊಗೆಯಲ್ಲಿನ ಜಿಡ್ಡು ಮತ್ತು ನಿಕೋಟಿನ್ ಗೋಡೆಯ ಬಣ್ಣಕ್ಕೆ, ಮರದ ಕಪಾಟುಗಳ ಒಳಮೈಗೆ, ಪರದೆಗೆ, ಹವಾನಿಯಂತ್ರಕದ ಒಳಭಾಗಗಳಿಗೆ ಅಂಟಿಕೊಂಡು ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ಗಾಳಿಗೆ ಬರುತ್ತಲೇ ಇರುವುದು ಇದಕ್ಕೆ ಕಾರಣ. ಇಂಥ ಮನೆಗಳನ್ನು ಹೊಸ ಬಾಡಿಗೆದಾರರಿಗೆ ಒಪ್ಪಿಸುವ ಮೊದಲು ಓಝೋನ್ ಯಂತ್ರ ಬಳಸುವ ರೂಢಿ ಬೆಂಗಳೂರಿನಂಥ ನಗರಗಳಲ್ಲಿ ಬಂದಿದೆ. ಶುಚಿಗೊಳಿಸುವ ಸೇವೆಯವರು ಇದನ್ನು ಮಾಡಿಕೊಡುತ್ತಾರೆ, ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಸ್ವತಃ ಮಾಡುವವರೂ ಇದ್ದಾರೆ. ಈ ಲೇಖನ ಎರಡೂ ಬಗೆಯವರಿಗೆ. ಇಲ್ಲಿ ಹೇಳುವ ಕ್ರಮವೆಲ್ಲವೂ ಯಾರೂ ವಾಸವಿಲ್ಲದ, ಒಂದು ದಿನದ ಮಟ್ಟಿಗೆ ಪೂರ್ತಿ ಖಾಲಿ ಬಿಡಬಹುದಾದ ಮನೆಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಓಝೋನ್ ಎಂದರೆ ಆಮ್ಲಜನಕದ ಮೂರು ಪರಮಾಣುಗಳು ಸೇರಿದ ಅಣು. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣುಗಳಿವೆ. ಮೂರನೆಯದು ಸಡಿಲವಾಗಿ ಕೂತಿರುವುದರಿಂದ ಓಝೋನ್ ಸಿಕ್ಕಿದ್ದರ ಜೊತೆ ಬೇಗ ವರ್ತಿಸಿ ಅದನ್ನು ಉತ್ಕರ್ಷಿಸುತ್ತದೆ, ಅಂದರೆ ಆಮ್ಲಜನಕ ಸೇರಿಸಿ ಅದರ ರೂಪ ಬದಲಿಸುತ್ತದೆ. ಆದರೆ ಎಲ್ಲ ವಾಸನೆಯನ್ನೂ ಅದು ಒಂದೇ ವೇಗದಲ್ಲಿ ಮುರಿಯುವುದಿಲ್ಲ. ಇಂಗಾಲದ ಎರಡು ಪರಮಾಣುಗಳ ನಡುವೆ ಜೋಡಿ ಬಂಧವಿರುವ ಸಂಯುಕ್ತಗಳು ಮತ್ತು ಗಂಧಕವಿರುವ ಕೆಲವು ದುರ್ವಾಸನೆಯ ಸಂಯುಕ್ತಗಳು ಅದಕ್ಕೆ ಬೇಗ ಬಲಿಯಾಗುತ್ತವೆ. ಅಮೋನಿಯಾ, ಫಾರ್ಮಾಲ್ಡಿಹೈಡ್, ಇಂಗಾಲದ ಮೊನಾಕ್ಸೈಡ್, ಪೆಟ್ರೋಲು ಸೀಮೆಎಣ್ಣೆಗಳ ಆವಿಯ ಬಹುಪಾಲು, ಬೀರುವಿನಲ್ಲಿಟ್ಟ ನುಸಿಗುಳಿಗೆಯ ನ್ಯಾಫ್ತಲೀನ್, ಇವುಗಳ ಮೇಲೆ ಅದರ ಪರಿಣಾಮ ಬಹಳ ನಿಧಾನ. ಆದ್ದರಿಂದ ಬೆಕ್ಕಿನ ಮೂತ್ರದ ಅಮೋನಿಯಾ ವಾಸನೆಗೂ ಹೊಸ ಪ್ಲೈವುಡ್ಡಿನ ಕಣ್ಣುರಿಸುವ ಗಾಳಿಗೂ ಓಝೋನ್ ಮದ್ದಲ್ಲ.

ಈಗ ಅಪಾಯದ ಮಾತು. ಓಝೋನ್ ಗೋಡೆಯ ಮೇಲಿನ ಜಿಡ್ಡನ್ನು ಉತ್ಕರ್ಷಿಸುವ ರೀತಿಯಲ್ಲೇ ಶ್ವಾಸಕೋಶದ ಒಳಪೊರೆಯನ್ನೂ ಉತ್ಕರ್ಷಿಸುತ್ತದೆ. ಕೆಮ್ಮು, ಗಂಟಲುರಿ, ಎದೆಬಿಗಿತ ಅದರ ಮೊದಲ ಲಕ್ಷಣಗಳು. ಆಸ್ತಮಾ ಇರುವವರಿಗೆ ಕಡಿಮೆ ಪ್ರಮಾಣವೂ ತೊಂದರೆ ಕೊಡುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಎಂಟು ಗಂಟೆಯ ಕೆಲಸದ ಅವಧಿಗೆ ಇರುವ ಮಿತಿ 0.1 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದರ ಹತ್ತನೇ ಒಂದು ಪಾಲು. ಜೀವಕ್ಕೆ ತಕ್ಷಣದ ಅಪಾಯ ಎಂದು ಅಲ್ಲಿ ಗುರುತಿಸಿರುವ ಮಟ್ಟ 5 ಪಿಪಿಎಂ. ಭಾರತದ ಹೊರಾಂಗಣ ಗಾಳಿಯ ಮಾನದಂಡಗಳು 2009ರಲ್ಲಿ ಎಂಟು ಗಂಟೆಯ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ ಮಿತಿಯನ್ನು ಇಟ್ಟಿವೆ. ಇದು ಸುಮಾರು 0.05 ಪಿಪಿಎಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ ಹೇಳುವ ಮಾತು ಇಲ್ಲಿ ನಿರ್ಣಾಯಕ: ಆರೋಗ್ಯದ ಮಿತಿಯೊಳಗಿನ ಓಝೋನ್ ಒಳಾಂಗಣದ ವಾಸನೆಯನ್ನಾಗಲಿ ಮಾಲಿನ್ಯವನ್ನಾಗಲಿ ತೆಗೆಯುವುದರಲ್ಲಿ ಪರಿಣಾಮಕಾರಿಯಲ್ಲ. ಕ್ಯಾಲಿಫೋರ್ನಿಯಾ ರಾಜ್ಯವಂತೂ 0.050 ಪಿಪಿಎಂಗಿಂತ ಹೆಚ್ಚು ಓಝೋನ್ ಹೊರಸೂಸುವ ಗಾಳಿಶುದ್ಧಿ ಯಂತ್ರಗಳನ್ನು ಮನೆಬಳಕೆಗೆ ಮಾರುವುದನ್ನೇ 2010ರಿಂದ ನಿಷೇಧಿಸಿದೆ.

ಇದರಿಂದ ತಿಳಿಯುವುದಿಷ್ಟು. ಮನುಷ್ಯರು ಉಸಿರಾಡಬಹುದಾದಷ್ಟು ಕಡಿಮೆ ಓಝೋನ್ ವಾಸನೆಯನ್ನು ತೆಗೆಯುವುದಿಲ್ಲ. ವಾಸನೆಯನ್ನು ತೆಗೆಯುವಷ್ಟು ಓಝೋನ್ ಇರುವ ಕೋಣೆಯಲ್ಲಿ ಮನುಷ್ಯರು ಉಸಿರಾಡುವಂತಿಲ್ಲ. ನೀವು ಪಕ್ಕದಲ್ಲೇ ಕುಳಿತಿದ್ದರೂ ಪರವಾಗಿಲ್ಲ, ಮಗು ಮಲಗಿದ್ದರೂ ಪರವಾಗಿಲ್ಲ ಎಂದು ಹೇಳಿ ಮಾರುವ, ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಓಝೋನ್ ಸಾಧನಗಳನ್ನು ಕೊಳ್ಳಲೇಬೇಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮೊದಲು ತೊಳೆಯುವುದು

ಓಝೋನ್ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ಯಂತ್ರ ಹಚ್ಚುವ ಮೊದಲೇ ಮುಗಿಯಬೇಕು. ಸಿಗರೇಟು ಸೇದುತ್ತಿದ್ದವರು ಸಾಮಾನ್ಯವಾಗಿ ಕೂರುತ್ತಿದ್ದ ಜಾಗದ ಹಿಂದಿನ ಗೋಡೆಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಂದು ಗೇಣಿನಷ್ಟು ಒರೆಸಿ ನೋಡಿ. ಬಟ್ಟೆಗೆ ಚಹಾದ ಬಣ್ಣ ಹತ್ತಿದರೆ, ಗೋಡೆಯ ಮೇಲೆ ಒರೆಸಿದ ಪಟ್ಟಿಯಷ್ಟೇ ಬೆಳ್ಳಗೆ ಕಂಡರೆ, ಅಲ್ಲಿ ಕೂತಿರುವುದು ಜಿಡ್ಡಿನ ಪದರ. ಓಝೋನ್ ಅನಿಲವಾದ್ದರಿಂದ ಆ ಪದರದ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ, ಕೆಳಗಿನದು ಹಾಗೆಯೇ ಉಳಿದು ಮುಂದಿನ ವಾರ ವಾಸನೆ ಬಿಡತೊಡಗುತ್ತದೆ. ಇನ್ನೂ ಒಂದು ತೊಂದರೆಯಿದೆ: ನಿಕೋಟಿನ್ ಓಝೋನಿನೊಂದಿಗೆ ವರ್ತಿಸಿದಾಗ ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳೂ ಅತಿಸೂಕ್ಷ್ಮ ಕಣಗಳೂ ಹುಟ್ಟುತ್ತವೆ. ಗೋಡೆಯಲ್ಲಿ ನಿಕೋಟಿನ್ ಎಷ್ಟು ಕಡಿಮೆ ಉಳಿದಿದೆಯೋ ಈ ಉಪೋತ್ಪನ್ನಗಳೂ ಅಷ್ಟು ಕಡಿಮೆ.

ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಯಾದರೆ ಬಿಸಿನೀರಿಗೆ ವಾಸನೆಯಿಲ್ಲದ ಮೃದು ಸೋಪಿನ ದ್ರಾವಣ ಸೇರಿಸಿ ಕೆಳಗಿನಿಂದ ಮೇಲಕ್ಕೆ ಒರೆಸಿಕೊಂಡು ಹೋಗಿ, ಬಳಿಕ ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಮೇಲಿನಿಂದ ಶುರು ಮಾಡಿದರೆ ಕಂದು ನೀರು ಒಣಗೋಡೆಯ ಮೇಲೆ ಇಳಿದು ಗೀರುಗಳು ಉಳಿಯುತ್ತವೆ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆ ಈ ತೊಳೆತಕ್ಕೆ ತಡೆಯುವುದಿಲ್ಲ. ಅಂಥ ಗೋಡೆಗಳನ್ನು ಕೆರೆದು ಮತ್ತೆ ಬಣ್ಣ ಹೊಡೆಸುವುದೇ ದಾರಿ. ಫ್ಯಾನಿನ ರೆಕ್ಕೆಗಳ ಮೇಲ್ಮೈ, ಸ್ವಿಚ್‌ಬೋರ್ಡಿನ ಅಂಚು, ಬಾಗಿಲಿನ ಮೇಲಿನ ಚೌಕಟ್ಟು, ಸಜ್ಜೆಯ ಒಳಭಾಗ, ಕಪಾಟಿನ ಹಿಂಬದಿ, ಇವನ್ನು ಜನ ಮರೆಯುತ್ತಾರೆ. ಪರದೆಗಳನ್ನು ಕಳಚಿ ಒಗೆಯಲು ಹಾಕಿ. ಹವಾನಿಯಂತ್ರಕವಿದ್ದರೆ ಜಾಲರಿಯನ್ನು ತೊಳೆಯುವುದಲ್ಲದೆ ಒಳಗಿನ ತಂಪು ಸುರುಳಿಯನ್ನೂ ತಿಳಿದವರಿಂದ ಸ್ವಚ್ಛ ಮಾಡಿಸಿ. ತಿಂಗಳ ಬಳಿಕ ಎ.ಸಿ. ಹಚ್ಚಿದ ಕೂಡಲೇ ಹಳೆಯ ವಾಸನೆ ಬಂತೆಂಬ ದೂರಿನ ಮೂಲ ಹೆಚ್ಚಾಗಿ ಅಲ್ಲಿರುತ್ತದೆ.

ನೆಲ ಒರೆಸುವಾಗ ಒಂದು ಎಚ್ಚರಿಕೆ ಬಹಳ ಮುಖ್ಯ. ನಮ್ಮ ಮನೆಗಳಲ್ಲಿ ಬಳಸುವ ಬಿಳಿ ಫಿನಾಯಿಲ್ ಹೆಚ್ಚಾಗಿ ಪೈನ್ ಎಣ್ಣೆಯಿಂದ ತಯಾರಾದದ್ದು. ನಿಂಬೆ ಪರಿಮಳದ ನೆಲದ ದ್ರಾವಣಗಳಲ್ಲಿ ಲಿಮೊನೀನ್ ಇರುತ್ತದೆ. ಟರ್ಪೀನ್ ಎಂಬ ವರ್ಗದ ಈ ವಸ್ತುಗಳು ಓಝೋನ್ ಜೊತೆ ಅತಿ ಬೇಗ ವರ್ತಿಸಿ ಫಾರ್ಮಾಲ್ಡಿಹೈಡನ್ನೂ ಉಸಿರಿನ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳನ್ನೂ ಉಂಟುಮಾಡುತ್ತವೆ. ಚೆನ್ನಾಗಿ ಫಿನಾಯಿಲ್ ಹಾಕಿ ಒರೆಸಿ, ಮೇಲಿಂದ ರೂಮ್ ಫ್ರೆಶ್‌ನರ್ ಸಿಂಪಡಿಸಿ, ಆಮೇಲೆ ಓಝೋನ್ ಬಿಡುವ ಪದ್ಧತಿ ಶುಚಿತ್ವದ ಹೆಸರಿನಲ್ಲಿ ಗಾಳಿಯನ್ನು ಕೆಡಿಸುತ್ತದೆ. ಯಂತ್ರ ಹಚ್ಚುವ ಹಿಂದಿನ ಎರಡು ದಿನ ಫಿನಾಯಿಲ್, ಅಗರಬತ್ತಿ, ಸುಗಂಧದ ದ್ರವ ಯಾವುದೂ ಬೇಡ. ಬರೀ ನೀರು ಮತ್ತು ವಾಸನೆಯಿಲ್ಲದ ಸೋಪು ಸಾಕು. ಹೊಸ ಬಣ್ಣ ಹೊಡೆಸಿದ್ದರೆ ಅದು ಪೂರ್ತಿ ಒಣಗಿ ವಾಸನೆ ಬಿಡುವ ತನಕ ಕಾಯಿರಿ.

ಓಝೋನ್ ಹಚ್ಚಬಾರದ ವಾಸನೆಗಳು

ಅಡುಗೆ ಅನಿಲದ ವಾಸನೆ ಬರುತ್ತಿದ್ದರೆ ಯಾವ ಕಾರಣಕ್ಕೂ ಯಂತ್ರ ಹಚ್ಚಬೇಡಿ. ಸೋರಿಕೆ ತಿಳಿಯಲೆಂದೇ ಅನಿಲಕ್ಕೆ ಬೆರೆಸುವ ಗಂಧಕದ ವಾಸನೆಯನ್ನು ಓಝೋನ್ ಅಳಿಸಿಹಾಕಬಲ್ಲದು. ಜೊತೆಗೆ ಯಂತ್ರದೊಳಗಿನ ವಿದ್ಯುತ್ ವಿಸರ್ಜನೆ ಅನಿಲಕ್ಕೆ ಕಿಡಿಯಾಗಬಹುದು. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಸ್ವಿಚ್‌ಗಳನ್ನು ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಬಂದು, ಅನಿಲ ಕಂಪನಿಯ ತುರ್ತು ಸೇವೆಯನ್ನು ಕರೆಯುವುದೊಂದೇ ಸರಿಯಾದ ಕ್ರಮ.

ಬಹುದಿನ ಮುಚ್ಚಿದ್ದ ಮನೆಯ ಬಚ್ಚಲಿನಿಂದ ಬರುವ ಕೊಳಚೆ ವಾಸನೆಗೆ ಕಾರಣ ಹೆಚ್ಚಾಗಿ ನಹನಿ ಟ್ರ್ಯಾಪಿನ, ಅಂದರೆ ಕೊಳಚೆ ಗಾಳಿ ಮೇಲೆ ಬರದಂತೆ ನೀರು ನಿಲ್ಲಿಸುವ ಬಚ್ಚಲ ನೆಲದ ಕಿಂಡಿಯ, ನೀರು ಒಣಗಿರುವುದು. ಅದಕ್ಕೆ ಒಂದು ಬಕೆಟ್ ನೀರು ಸುರಿದರೆ ಮುಗಿಯಿತು. ಸತ್ತ ಇಲಿಯ ವಾಸನೆಗೆ ಇಲಿಯನ್ನು ಹುಡುಕಿ ತೆಗೆಯಲೇಬೇಕು. ಮಲೆನಾಡು ಕರಾವಳಿಗಳ ಮಳೆಗಾಲದ ಮುಗ್ಗಲು ವಾಸನೆಯ ವಿಷಯದಲ್ಲಿ ಯಂತ್ರ ಮಾರುವವರು ದೊಡ್ಡ ಭರವಸೆ ಕೊಡುತ್ತಾರೆ. ಆದರೆ ಗೋಡೆಗೆ ತೇವ ಎಲ್ಲಿಂದ ಏರುತ್ತಿದೆಯೆಂದು ಕಂಡುಕೊಂಡು ಅದನ್ನು ನಿಲ್ಲಿಸದೆ, ಬೂಷ್ಟನ್ನು ಕೆರೆದು ತೊಳೆದು ಒಣಗಿಸದೆ ಓಝೋನ್ ಬಿಟ್ಟರೆ ಬೂಷ್ಟು ಮತ್ತೆ ಬರುತ್ತದೆ. ಗಾರೆಯ ರಂಧ್ರಗಳ ಒಳಗೆ ಬೇರೂರಿದ ಶಿಲೀಂಧ್ರವನ್ನು ಅನಿಲ ತಲುಪುವುದಿಲ್ಲ. ಸತ್ತ ಬೂಷ್ಟಿನ ಕಣಗಳೂ ಅಲರ್ಜಿ ತರುತ್ತವೆ.

ಯಂತ್ರ ಮತ್ತು ಪ್ರಮಾಣ

ಪೇಟೆಯಲ್ಲಿ ಸಿಗುವ ಯಂತ್ರಗಳ ಪೆಟ್ಟಿಗೆಯ ಮೇಲೆ ಗಂಟೆಗೆ ಇಷ್ಟು ಗ್ರಾಂ ಅಥವಾ ಮಿಲಿಗ್ರಾಂ ಎಂದು ಬರೆದಿರುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿಯಿರುತ್ತದೆ. ಓಝೋನಿನ 1 ಪಿಪಿಎಂ ಎಂದರೆ ಘನ ಮೀಟರಿಗೆ ಸುಮಾರು 2 ಮಿಲಿಗ್ರಾಂ. ಗೋಡೆ, ಬಟ್ಟೆ, ಮರಗಳ ಮೇಲೆ ಓಝೋನ್ ನಾಶವಾಗುತ್ತಲೇ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆಂದು ಇಟ್ಟುಕೊಂಡರೂ, ಗಂಟೆಗೆ 1 ಗ್ರಾಂ ಉತ್ಪಾದಿಸುವ ಯಂತ್ರ ಆ ಮುಚ್ಚಿದ ಕೋಣೆಯನ್ನು 3ರಿಂದ 4 ಪಿಪಿಎಂಗೆ ಏರಿಸಬಲ್ಲದು ಎಂದು ಲೆಕ್ಕ ಹೇಳುತ್ತದೆ. ಹೀಗಿರುವಾಗ ಒಂದು ಮಲಗುವ ಕೋಣೆಗೆ ಗಂಟೆಗೆ 10 ಗ್ರಾಂನ ಯಂತ್ರವನ್ನು ತರುವ ಅಗತ್ಯವಿಲ್ಲ. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಪೂರ್ತಿ ನಂಬಲಾಗದು ಎಂಬುದು ನಿಜ, ಆದರೆ ಸಂಶಯದ ಸಂದರ್ಭದಲ್ಲಿ ಅಂಕಿ ನಿಜವೆಂದೇ ತಿಳಿದು ನಡೆಯುವುದು ಕ್ಷೇಮ. ಆಯ್ಕೆ ಮಾಡುವಾಗ ತಾನಾಗಿ ನಿಲ್ಲುವ ಟೈಮರ್ ಮತ್ತು ಒಳಗೇ ಫ್ಯಾನ್ ಇರುವ ಯಂತ್ರವನ್ನೇ ಆರಿಸಿಕೊಳ್ಳಿ. ತರಕಾರಿ ತೊಳೆಯಲೆಂದು ಮಾರುವ ನಳಿಗೆಯ ಓಝೋನ್ ಪೆಟ್ಟಿಗೆಗಳು ಈ ಕೆಲಸಕ್ಕಾಗಿ ಮಾಡಿದವಲ್ಲ.

ಒಣ ಹವೆಯ ದಿನವನ್ನು ಆರಿಸಿಕೊಳ್ಳಬೇಕು. ಈ ಯಂತ್ರಗಳಲ್ಲಿ ಹೆಚ್ಚಿನವು ಗಾಳಿಯ ಮೂಲಕ ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಹಾಯಿಸಿ ಓಝೋನ್ ತಯಾರಿಸುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಉತ್ಪಾದನೆ ಕುಗ್ಗುವುದಲ್ಲದೆ ಸಾರಜನಕದ ಆಕ್ಸೈಡುಗಳು ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ ಒಳಗಿನ ಫಲಕಗಳನ್ನು ತಿನ್ನುತ್ತವೆ. ಜಡಿಮಳೆಯ ವಾರದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಮನೆಯನ್ನು ಸಿದ್ಧಗೊಳಿಸುವುದು

ಜೀವವಿರುವುದೆಲ್ಲ ಹೊರಗೆ ಹೋಗಬೇಕು: ಮನೆಯವರು, ಕೆಲಸದವರು, ನಾಯಿ ಬೆಕ್ಕು, ಪಂಜರದ ಹಕ್ಕಿ, ಮೀನಿನ ತೊಟ್ಟಿ, ಕುಂಡದ ಗಿಡ. ಬಾಲ್ಕನಿಯಲ್ಲಿ ಗೂಡು ಕಟ್ಟಿದ ಪಾರಿವಾಳಗಳಿದ್ದರೆ ಆ ಕಡೆಯ ಬಾಗಿಲನ್ನು ಭದ್ರವಾಗಿ ಮುಚ್ಚಿ. ತಿನ್ನುವ ಪದಾರ್ಥಗಳನ್ನೂ ಔಷಧಿಗಳನ್ನೂ ಹೊರಗೆ ಒಯ್ಯಿರಿ.

ವಸ್ತುಗಳಲ್ಲಿ ಮೊದಲು ಕೆಡುವುದು ನೈಸರ್ಗಿಕ ರಬ್ಬರು. ಎಳೆದು ಕಟ್ಟಿದ ರಬ್ಬರ್ ಬ್ಯಾಂಡೊಂದು ಓಝೋನ್ ಇರುವ ಕೋಣೆಯಲ್ಲಿ ಉಳಿದರೆ ಎಳೆದ ದಿಕ್ಕಿಗೆ ಅಡ್ಡವಾಗಿ ಸಣ್ಣ ಬಿರುಕುಗಳು ಕಾಣಿಸಿಕೊಂಡು ಕೊನೆಗೆ ಅದು ತುಂಡಾಗುತ್ತದೆ. ರಬ್ಬರಿನ ಅಣುಸರಪಳಿಯಲ್ಲಿರುವ ಜೋಡಿ ಬಂಧಗಳನ್ನು ಓಝೋನ್ ಕತ್ತರಿಸುವ ಗುರುತು ಅದು. ಎಲಾಸ್ಟಿಕ್ ಇರುವ ಬಟ್ಟೆ, ರಬ್ಬರ್ ಚಪ್ಪಲಿ, ಲೇಟೆಕ್ಸ್ ಹಾಸಿಗೆ, ವ್ಯಾಯಾಮದ ಪಟ್ಟಿಗಳನ್ನು ಆದ್ದರಿಂದ ಹೊರಗಿಡಿ. ಫ್ರಿಜ್ಜು, ವಾಷಿಂಗ್ ಮೆಷಿನ್‌ಗಳ ಬಾಗಿಲಿನ ಪಟ್ಟಿಗಳು ಹಳೆಯವಾಗಿದ್ದರೆ ಅವುಗಳ ಸುತ್ತ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪು ಹಚ್ಚಿ. ಬಣ್ಣ ಹಾಕಿದ ರೇಷ್ಮೆ, ಚಿತ್ರಪಟಗಳು, ಹಳೆಯ ಫೋಟೋಗಳು ಮಾಸುವ ಸಾಧ್ಯತೆಯಿರುವುದರಿಂದ ಅವೂ ಬೇಡ. ಒಗೆದ ಪರದೆಯನ್ನು ಮಾತ್ರ ಮತ್ತೆ ತೂಗುಹಾಕಬಹುದು. ಕಪಾಟಿನ ಬಾಗಿಲುಗಳನ್ನೂ ಖಾನೆಗಳನ್ನೂ ತೆರೆದಿಡಬೇಕು.

ಅಪಾರ್ಟ್‌ಮೆಂಟ್ ಆದರೆ ಪಕ್ಕದ ಮನೆಯವರ ವಿಷಯದಲ್ಲಿ ಹೆಚ್ಚು ಹೊಣೆಗಾರಿಕೆ ಬೇಕು. ಬಚ್ಚಲಿನ ವೆಂಟಿಲೇಟರ್ ತೆರೆದುಕೊಳ್ಳುವ ಡಕ್ಟ್ ಹಲವು ಮನೆಗಳಿಗೆ ಒಂದೇ ಆಗಿರುತ್ತದೆ. ಅಡುಗೆಮನೆಯ ಚಿಮಣಿಯ ಕೊಳವೆಯೂ ಹಾಗೆಯೇ. ಇವುಗಳ ಬಾಯಿಗೆ, ಎಕ್ಸಾಸ್ಟ್ ಫ್ಯಾನಿನ ಕಿಂಡಿಗೆ, ಮುಂಬಾಗಿಲಿನ ಕೆಳಸಂದಿಗೆ ದಪ್ಪ ಪ್ಲಾಸ್ಟಿಕ್ ಮತ್ತು ಮಾಸ್ಕಿಂಗ್ ಟೇಪ್ ಹಾಕಿ ಮುಚ್ಚಬೇಕು. ಮೇಲೆ ಕೆಳಗೆ ಅಕ್ಕಪಕ್ಕದ ಮನೆಗಳಿಗೆ ಒಂದು ದಿನ ಮುಂಚೆ ತಿಳಿಸಿ. ಅಲ್ಲಿ ಆಸ್ತಮಾ ಇರುವವರು, ಹಸುಳೆಗಳು, ವಯಸ್ಸಾದವರು ಇದ್ದರೆ ಅವರು ಆ ಹೊತ್ತಿಗೆ ಹೊರಗೆ ಹೋಗಿರುವ ದಿನವನ್ನೇ ನಿಗದಿ ಮಾಡಿಕೊಳ್ಳಿ. ಬಾಗಿಲಿಗೆ ‘ಒಳಗೆ ಓಝೋನ್ ಅನಿಲವಿದೆ, ಇಷ್ಟು ಗಂಟೆಯವರೆಗೆ ಪ್ರವೇಶವಿಲ್ಲ’ ಎಂದು ದೊಡ್ಡದಾಗಿ ಬರೆದು ಅಂಟಿಸಿ, ಬೀಗ ಹಾಕಿ, ಇನ್ನೊಂದು ಕೀಲಿಕೈ ಯಾರ ಬಳಿಯಿದೆಯೋ ಅವರಿಗೂ, ಕಾವಲುಗಾರರಿಗೂ ಬಾಯಿಮಾತಿನಲ್ಲೂ ಹೇಳಿ.

ಯಂತ್ರ ನಡೆಸುವುದು

ಓಝೋನ್ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಯಂತ್ರವನ್ನು ನೆಲದ ಮೇಲಿಡದೆ ಮೇಜು ಅಥವಾ ಏಣಿಯ ಮೇಲೆ, ಗೋಡೆ ಪರದೆಗಳಿಂದ ಮೂರಡಿ ದೂರದಲ್ಲಿ ಇಟ್ಟು, ಸೀಲಿಂಗ್ ಫ್ಯಾನನ್ನು ನಿಧಾನ ವೇಗದಲ್ಲಿ ತಿರುಗಿಸಿದರೆ ಅನಿಲ ಮೂಲೆಗಳಿಗೂ ಹಂಚಿಕೊಳ್ಳುತ್ತದೆ. ಟೈಮರನ್ನು ಒಂದು ಗಂಟೆಗೆ ಇಟ್ಟು, ಹಚ್ಚಿ, ತಡಮಾಡದೆ ಹೊರಗೆ ಬನ್ನಿ. ದೊಡ್ಡ ಪ್ರಮಾಣದಲ್ಲಿ ಒಂದೇ ಬಾರಿ ಇಡೀ ದಿನ ನಡೆಸುವುದಕ್ಕಿಂತ ಒಂದೊಂದು ಗಂಟೆಯ ಸುತ್ತುಗಳನ್ನು ನಡುವೆ ಗಾಳಿಯಾಡಿಸುತ್ತ, ಪ್ರತಿ ಸಲವೂ ಫಲ ನೋಡುತ್ತ ಮಾಡುವುದು ಸರಿಯೆಂದು ನನ್ನ ಅಭಿಪ್ರಾಯ. ರಬ್ಬರು ಬಣ್ಣಗಳಿಗೆ ಆಗುವ ಹಾನಿಯೂ ಇದರಲ್ಲಿ ಕಡಿಮೆ. ಬೀಗ ಹಾಕುವ ಮೊದಲು ಪ್ರತಿ ಕೋಣೆ, ಬಚ್ಚಲು, ಬಾಲ್ಕನಿಗಳನ್ನು ಹೆಸರು ಹಿಡಿದು ಕೂಗಿ ನೋಡಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಯಂತ್ರ ನಿಂತ ಮೇಲೆ ಕನಿಷ್ಠ ನಾಲ್ಕು ಗಂಟೆ ಒಳಗೆ ಹೋಗಬಾರದು. ಕಾರಣ ಸರಳ: ಖಾಲಿ ಕೋಣೆಯಲ್ಲಿ ಓಝೋನ್ ಅರ್ಧಕ್ಕಿಳಿಯಲು ಅರ್ಧ ಗಂಟೆ ಹಿಡಿದರೂ 5 ಪಿಪಿಎಂನಿಂದ 0.05ಕ್ಕೆ ಇಳಿಯಲು ಮೂರು ಗಂಟೆಗಿಂತ ಹೆಚ್ಚು ಬೇಕು. ಬೆಳಿಗ್ಗೆ ಹಚ್ಚಿ ಸಂಜೆ ಬರುವುದು ಅನುಕೂಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೋ ಎನ್-95 ಮುಖಗವಸು ಹಾಕಿಕೊಂಡೋ ಬೇಗ ಒಳಹೋಗಿ ಬರುತ್ತೇನೆಂಬ ಯೋಚನೆ ಬೇಡ. ಆ ಮುಖಗವಸು ಧೂಳಿನ ಕಣಗಳನ್ನು ತಡೆಯುತ್ತದೆ, ಅನಿಲವನ್ನಲ್ಲ. ವಾಸನೆಯಿಂದಲೇ ಓಝೋನ್ ಅಳೆಯುವುದೂ ಮೋಸ ಮಾಡುತ್ತದೆ, ಏಕೆಂದರೆ ಮೂಗು ಕೆಲವು ನಿಮಿಷಗಳಲ್ಲಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಪಿಎಂ 2.5, ಅಂದರೆ ಸೂಕ್ಷ್ಮ ಧೂಳಿನ ಕಣಗಳನ್ನು ತೋರಿಸುವ ಅಗ್ಗದ ಗಾಳಿ ಮಾಪಕಗಳು ಓಝೋನನ್ನು ಅಳೆಯುವುದಿಲ್ಲ. ಈ ಕೆಲಸವನ್ನು ಮೇಲಿಂದ ಮೇಲೆ ಮಾಡುವವರು ಓಝೋನಿಗೆಂದೇ ಇರುವ ಮಾಪಕ ಇಟ್ಟುಕೊಳ್ಳಬೇಕು.

ಒಳಗೆ ಹೋದಾಗ ಎದುರುಬದುರಿನ ಕಿಟಕಿಗಳನ್ನು ಮೊದಲು ತೆರೆದು, ಟೇಪುಗಳನ್ನು ಬಿಡಿಸಿ, ಎಕ್ಸಾಸ್ಟ್ ಫ್ಯಾನ್ ಹಚ್ಚಿ, ಮತ್ತೆ ಹೊರಬಂದು ಎರಡು ಗಂಟೆ ಗಾಳಿಯಾಡಲು ಬಿಡಿ. ಕಣ್ಣುರಿ, ಕೆಮ್ಮು ಬಂದರೆ ತಕ್ಷಣ ಹೊರಗೆ ಬರಬೇಕು. ಉಸಿರು ಕಟ್ಟಿದಂತಾದರೆ ವೈದ್ಯರ ಬಳಿ ಹೋಗಲು ತಡಮಾಡಬಾರದು, ಏಕೆಂದರೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಹೆಚ್ಚಾಗಬಹುದು.

ಬಳಿಕ ಉಳಿಯುವ ವಾಸನೆ

ಗಾಳಿಯಾಡಿಸಿದ ಮೇಲೂ ಒಂದೆರಡು ದಿನ ಹುಳಿಹುಳಿಯಾದ, ಕೆಲವೊಮ್ಮೆ ಹಳಸಿದ ಎಣ್ಣೆಯಂಥ ಒಂದು ವಾಸನೆ ಉಳಿಯುವುದುಂಟು. ಅಡುಗೆಯ ಎಣ್ಣೆಜಿಡ್ಡು, ಮೈಜಿಡ್ಡು ಓಝೋನಿನಿಂದ ಮುರಿದಾಗ ಹುಟ್ಟುವ ಆಲ್ಡಿಹೈಡುಗಳು ಇದಕ್ಕೆ ಕಾರಣ. ಇದನ್ನು ಓಡಿಸಲು ಇನ್ನೊಂದು ಸುತ್ತು ಓಝೋನ್ ಬಿಟ್ಟರೆ ವಾಸನೆ ಹೆಚ್ಚುತ್ತದೆ. ಮೇಲ್ಮೈಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎರಡು ದಿನ ಕಿಟಕಿ ತೆರೆದಿಟ್ಟರೆ ಇಳಿಯುತ್ತದೆ. ಅಡುಗೆಮನೆಯ ಗೋಡೆಯನ್ನು ಮೊದಲೇ ಚೆನ್ನಾಗಿ ತೊಳೆದ ಮನೆಗಳಲ್ಲಿ ಈ ತೊಂದರೆ ಕಡಿಮೆ.

ಸೇವೆಯವರನ್ನು ಕರೆಸುವುದಾದರೆ ಅವರನ್ನು ಮೂರು ಪ್ರಶ್ನೆ ಕೇಳಿ: ಮೊದಲು ಗೋಡೆ ತೊಳೆಯುತ್ತೀರಾ, ಯಂತ್ರ ನಿಂತ ಮೇಲೆ ಎಷ್ಟು ಹೊತ್ತು ಮನೆ ಮುಚ್ಚಿಡುತ್ತೀರಿ, ಒಳಗೆ ಹೋಗುವ ಮುನ್ನ ಓಝೋನನ್ನು ಯಾವುದರಿಂದ ಅಳೆಯುತ್ತೀರಿ. ಅರ್ಧ ಗಂಟೆಯಲ್ಲಿ ಮುಗಿಸಿ ಕೀಲಿಕೈ ಕೊಡುತ್ತೇವೆ ಎನ್ನುವವರಿಗೆ ಈ ಕೆಲಸ ಒಪ್ಪಿಸಬೇಡಿ.

ಫಲ ಬಂದಿದೆಯೇ ಎಂದು ತಿಳಿಯಲು ಗಾಳಿಯಾಡಿಸಿದ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಎರಡು ದಿನ ಮುಚ್ಚಿಟ್ಟು, ಮೂರನೆಯ ದಿನ ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ ತೆರೆಯಿರಿ. ಬಿಸಿಯಲ್ಲಿ ಉಳಿದ ಜಿಡ್ಡು ಹೆಚ್ಚು ಆವಿಯಾಗುವುದರಿಂದ ವಾಸನೆ ಇದ್ದರೆ ಆಗ ಮರೆಯಾಗಿರಲಾರದು. ಸಾಧ್ಯವಾದರೆ ಸಿಗರೇಟು ಸೇದದ, ಈ ಮನೆಗೆ ಮೊದಲು ಬಂದಿರದ ಒಬ್ಬರನ್ನು ಮೊದಲು ಒಳಗೆ ಕಳಿಸಿ ಕೇಳಿ. ಎರಡು ಸುತ್ತಿನ ನಂತರವೂ ಘಾಟು ಮರಳಿದ್ದರೆ ಅದು ಗಾರೆಗೆ ಇಳಿದಿದೆ ಎಂದರ್ಥ. ಆಗ ಓಝೋನಿನ ಕೆಲಸ ಅಲ್ಲಿಗೆ ಮುಗಿಯಿತು. ಗೋಡೆ ಮತ್ತು ಛಾವಣಿಗೆ ವಾಸನೆ ತಡೆಯುವ ಅರಗಿನ ಅಥವಾ ಎಣ್ಣೆಯ ಪ್ರೈಮರನ್ನು ಬಳಿಸಿ, ಅದು ಒಣಗಿದ ಮೇಲೆ ಎರಡು ಕೈ ಬಣ್ಣ ಹೊಡೆಸಬೇಕು.